ಆರು ಗುಂಡಿನ ತಾತ

ಬ್ಯಾಂಕಿನಲ್ಲಿ 36 ವರ್ಷ ನೋಟು ಎಣಿಸಿದವನು ನಾನು. 73ನೇ ವಯಸ್ಸಿನಲ್ಲಿ ಗುಂಡು ಎಣಿಸಲು ಕಲಿತೆ!

ಒಂಬತ್ತನೇ ತರಗತಿಯ ಮೊಮ್ಮಗ ಕಂಪ್ಯೂಟರಿನಲ್ಲಿ 'ಓವರ್‌ವಾಚ್' ಆಡುತ್ತಾನೆ. 2016ರಲ್ಲಿ ಬಂದ ಆಟ. ಅದರಲ್ಲಿ ಕ್ಯಾಸಿಡಿ ಎಂಬ ಕೌಬಾಯ್ ಇದ್ದಾನೆ: ತಲೆಗೆ ದೊಡ್ಡ ಟೋಪಿ, ಕೈಯಲ್ಲಿ ಆರು ಗುಂಡಿನ ರಿವಾಲ್ವರ್. ಸೋತಾಗಲೆಲ್ಲ ಮೊಮ್ಮಗ ತನ್ನ ತಂಡದವರನ್ನೇ ಬೈದು ಬರೆಯುತ್ತಿದ್ದ. ಗದರಿದರೆ, "ನಿಮಗೇನು ಗೊತ್ತು ತಾತ?" ಎಂದ. ಸರಿ, ಗೊತ್ತು ಮಾಡಿಕೊಳ್ಳೋಣವೆಂದು ಕುರ್ಚಿ ಎಳೆದು ಕುಳಿತೆ.

ಗಾಬರಿಯಲ್ಲಿ ಆರೂ ಗುಂಡು ಒಟ್ಟಿಗೆ ಹಾರಿಸಿ ಬರಿಗೈಲಿ ನಿಂತೆ. ಸತ್ತೆ. ಈ ಆಟದಲ್ಲಿ ಸತ್ತವರು ಮತ್ತೆ ಎದ್ದು ಬರುತ್ತಾರೆ. ನಾನು ಏಳು ಸಲ ಸತ್ತೆ. ಆಗ ತಂಡದವನೊಬ್ಬ ನನ್ನನ್ನು ಬೈದು ಬರೆದ. ಮೊಮ್ಮಗನ ಮುಖ ಕೆಂಪಾಯಿತು.

"ಆಡ್ತಿರೋರು ನಮ್ಮ ತಾತ ಅಂತ ಅವನಿಗೆ ಗೊತ್ತಿಲ್ಲ!"

"ನೀನು ಬೈದದ್ದು ಯಾರ ತಾತನಿಗೋ, ನಿನಗೂ ಗೊತ್ತಿರಲಿಲ್ಲವಲ್ಲ ಮಗು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪಕ್ಕಕ್ಕೆ ಬಂದು ಹೇಳಿಕೊಟ್ಟ: "ಒಂದೊಂದೇ, ಎಣಿಸಿ ಹೊಡೀರಿ ತಾತ. ಮುಗಿದರೆ ನೆಲದ ಮೇಲೆ ಉರುಳಿ, ರಿವಾಲ್ವರ್ ತಾನೇ ತುಂಬುತ್ತೆ."

ಎಣಿಸುವುದು ನನಗೆ ಹೊಸದೇ?

ಈಗ ಭಾನುವಾರ ಅರ್ಧ ಗಂಟೆ ನನ್ನ ಪಾಳಿ. ಇವತ್ತಿಗೂ ಸೋಲುತ್ತೇನೆ. ಆದರೆ ಮಕ್ಕಳೇ, ನಮ್ಮ ಮನೆಯಿಂದ ಈಗ ಬೈಗುಳ ಹೋಗುವುದಿಲ್ಲ.