ಡಿಕಾಕ್ಷನ್ ಇಳಿಯುವಷ್ಟರಲ್ಲಿ

ಫಿಲ್ಟರಿಗೆ ಕಾಫಿಪುಡಿ ತುಂಬಿ, ಕುದಿನೀರು ಹೊಯ್ದು, ಮುಚ್ಚಳವಿಟ್ಟು, ಡಿಕಾಕ್ಷನ್ ಇಳಿಯುವವರೆಗೆ ಕೇಳೋಣವೆಂದು ಕಳೆದ ಭಾನುವಾರ ನಾನು ಹಚ್ಚಿದ ಆಲ್ಬಮ್ಮು, ಮೇಲಿನ ಬಟ್ಟಲಿನ ನೀರು ಪೂರ್ತಿ ಬಸಿಯುವ ಮುನ್ನವೇ ತನ್ನ 16 ಹಾಡುಗಳನ್ನೂ ಹಾಡಿ ಮುಗಿಸಿ ಸುಮ್ಮನಾಗಿಬಿಟ್ಟಿತು. ಒಟ್ಟು ಅವಧಿ ಸುಮಾರು 16 ನಿಮಿಷ. ನಮ್ಮ ವಿದ್ವಾಂಸರೊಬ್ಬರು ಸಾವಕಾಶವಾಗಿ ತೋಡಿಯ ಆಲಾಪನೆಗೆ ಕುಳಿತರೆ ಷಡ್ಜವನ್ನು ಬಿಟ್ಟು ಮೇಲೇರಿ ತಾರಸ್ಥಾಯಿಯನ್ನು ಮುಟ್ಟಿ ಹಿಂದಿರುಗುವುದಕ್ಕೂ ಸಾಲದಿರಬಹುದಾದ ಇಷ್ಟು ಅಲ್ಪ ಅವಕಾಶದಲ್ಲಿ, ಅರ್ಧ ಆಯುಷ್ಯದ ಸಿಟ್ಟನ್ನೆಲ್ಲ ಹೇಳಿ ಎದ್ದುಹೋಗುವ ಈ ಗಾಯಕನಾರೆಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ತಂಡದ ಹೆಸರು ‘ಆಫ್!’, ಉದ್ಗಾರ ಚಿಹ್ನೆಯೂ ಹೆಸರಿನದೇ ಅಂಗ. ಅಮೆರಿಕೆಯ ಲಾಸ್ ಏಂಜಲೀಸಿನಲ್ಲಿ 2009ರಲ್ಲಿ ಕೂಡಿಕೊಂಡ ಈ ನಾಲ್ವರು, ತಂಡದ ಹೆಸರನ್ನೇ ಹೊತ್ತ ಈ ಮೊದಲ ಆಲ್ಬಮ್ಮನ್ನು 2012ರ ಮೇ ತಿಂಗಳಿನಲ್ಲಿ ಹೊರತಂದರು. ತಂಡವಷ್ಟೇ ಹೊಸದು. ಬಾಸ್ ಗಿಟಾರಿನ ಸ್ಟೀವನ್ ಮೆಕ್‌ಡೊನಾಲ್ಡ್, ಹನ್ನೊಂದು ಹನ್ನೆರಡರ ಬಾಲಕನಾಗಿದ್ದಾಗಲೇ ಅಣ್ಣನೊಡನೆ ‘ರೆಡ್ ಕ್ರಾಸ್’ ಕಟ್ಟಿ ಮೇಳಕ್ಕಿಳಿದವನು; ಡ್ರಮ್ಮಿನ ಮಾರಿಯೋ ರುಬಾಲ್ಕಾಬಾ ‘ರಾಕೆಟ್ ಫ್ರಮ್ ದ ಕ್ರಿಪ್ಟ್’, ‘ಹಾಟ್ ಸ್ನೇಕ್ಸ್’ ಮೊದಲಾದ ತಂಡಗಳಲ್ಲಿ ಪಳಗಿದವನು; ಗಿಟಾರಿನ ದಿಮಿತ್ರಿ ಕೋಟ್ಸ್ ‘ಬರ್ನಿಂಗ್ ಬ್ರೈಡ್ಸ್’ ತಂಡದವನು. ಮೂವರನ್ನೂ ಒಂದೊಂದು ವಾಕ್ಯದಲ್ಲಿ ಮುಗಿಸುವುದು ನ್ಯಾಯವಲ್ಲವೆಂದು ಬಲ್ಲೆ. ಆದರೆ ನಾನು ಬಂದಿರುವುದು ನಾಲ್ಕನೆಯವನಿಗಾಗಿ.

ಆತ ಕೀತ್ ಮಾರಿಸ್. 1955ರಲ್ಲಿ ಹುಟ್ಟಿದವನು. ಲಾಸ್ ಏಂಜಲೀಸಿಗೆ ದಕ್ಷಿಣದ ಹರ್ಮೋಸಾ ಬೀಚ್ ಎಂಬ ಕಡಲಂಚಿನ ಊರಿನಲ್ಲಿ ಅವನ ತಂದೆಗೆ ಮೀನು ಹಿಡಿಯುವವರಿಗೆ ಬೇಕಾದ ಗಾಳ, ದಾರ, ಎರೆಗಳನ್ನು ಮಾರುವ ಅಂಗಡಿಯಿತ್ತು. ಮಗನೂ ಆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದುಂಟು. ರಾಕ್ ಸಂಗೀತವು ಆಗ ಭವ್ಯತೆಯ ಗೀಳಿಗೆ ಬಿದ್ದು, ನಮ್ಮ ತನಿಯಾವರ್ತನವನ್ನೂ ಮೀರಿಸುವಂತೆ ಡ್ರಮ್ಮಿನವನೊಬ್ಬನೇ ಕಾಲು ಗಂಟೆ ಬಾರಿಸುವ, ಗಿಟಾರಿನವನು ಅದಕ್ಕೆ ಉತ್ತರವಾಗಿ ಇನ್ನಷ್ಟು ಎಳೆಯುವ ಕಾಲ. ಅದರ ವಿರುದ್ಧ ಎದ್ದ ಪಂಕ್ ಎಂಬ ದಂಗೆಯ ಗಾಳಿ ಕಡಲಂಚಿನ ಆ ಊರಿಗೂ ಬೀಸಿದಾಗ, 1976ರಲ್ಲಿ ಮಾರಿಸನೂ ಗ್ರೆಗ್ ಗಿನ್ ಎಂಬ ಗಿಟಾರುವಾದಕನೂ ಸೇರಿ ಕಟ್ಟಿದ ‘ಪ್ಯಾನಿಕ್’ ತಂಡವೇ ಮುಂದೆ ‘ಬ್ಲ್ಯಾಕ್ ಫ್ಲ್ಯಾಗ್’ ಎಂದು ಪ್ರಸಿದ್ಧವಾಯಿತು. 1979ರಲ್ಲಿ ಹೊರಬಂದ ಅವರ ಮೊದಲ ತಟ್ಟೆಯಲ್ಲಿದ್ದದ್ದು 4 ಹಾಡು, ಐದು ನಿಮಿಷದ ಆಸುಪಾಸು. ಅದೇ ವರ್ಷ ಮಾರಿಸ್ ಹೊರಬಿದ್ದು ‘ಸರ್ಕಲ್ ಜರ್ಕ್ಸ್’ ಕಟ್ಟಿದ. ಅವರ 1980ರ ಮೊದಲ ಆಲ್ಬಮ್ಮು, ಅದರ ಹೆಸರನ್ನು ಭಾನುವಾರದ ಪುರವಣಿಯಲ್ಲಿ ಅಚ್ಚುಮಾಡಿಸಲು ಸಂಕೋಚವಾಗುತ್ತದೆ, 14 ಹಾಡುಗಳನ್ನು ಸುಮಾರು ಕಾಲು ಗಂಟೆಯಲ್ಲಿ ಮುಗಿಸಿತು. ಮೂರು ಸಾಲಿಗೆ ಮೇಲೆ ಮಾತೆತ್ತದ ಸರ್ವಜ್ಞನ ನಾಡಿನವರಾದ ನಮಗೆ ಈ ಮಿತಭಾಷೆ ಅಪರಿಚಿತವೇನಲ್ಲ.

‘ಆಫ್!’ ಹುಟ್ಟಿದ್ದು ಒಂದು ಭಗ್ನಕಾರ್ಯದಿಂದ. ಸರ್ಕಲ್ ಜರ್ಕ್ಸ್‌ನ ಹೊಸ ಆಲ್ಬಮ್ಮಿನ ನಿರ್ಮಾಣಕ್ಕೆಂದು ಬಂದ ಕೋಟ್ಸ್, ಮಾರಿಸನೊಡನೆ ಕುಳಿತು ಹಾಡು ಕಟ್ಟತೊಡಗಿದ, ಉಳಿದವರಿಗೂ ಅವನಿಗೂ ಹೊಂದಲಿಲ್ಲ, ಕೆಲಸ ಮುರಿದುಬಿತ್ತು, ಹಾಡುಗಳನ್ನು ಕೈಬಿಡಲು ಮಾತ್ರ ಮಾರಿಸನಿಗೆ ಮನಸ್ಸಾಗಲಿಲ್ಲ. 2010ರಲ್ಲಿ ನಾಲ್ಕು ಸಣ್ಣ ತಟ್ಟೆಗಳಾಗಿ, ತಟ್ಟೆಗೆ ನಾಲ್ಕು ಹಾಡಿನಂತೆ ಅವರು ಪ್ರಕಟಿಸಿದ ಮೊದಲ ಸಂಗ್ರಹದಲ್ಲಿ, ಒಂದು ಕಾಲಕ್ಕೆ ತನ್ನ ಗೆಳೆಯನಾಗಿದ್ದು 1996ರಲ್ಲಿ ತೀರಿಕೊಂಡ ‘ಗನ್ ಕ್ಲಬ್’ ತಂಡದ ಗಾಯಕ ಜೆಫ್ರಿ ಲೀ ಪಿಯರ್ಸನ ಹೆಸರನ್ನೇ ಮಾರಿಸ್ ಒಂದು ಹಾಡಿಗಿಟ್ಟಿದ್ದಾನೆ.

ಆ ತಟ್ಟೆಗಳಿಗೂ 2012ರ ಆಲ್ಬಮ್ಮಿಗೂ ಹೊದಿಕೆಯ ಚಿತ್ರ ಬರೆದವನು ರೇಮಂಡ್ ಪೆಟಿಬಾನ್. ಗ್ರೆಗ್ ಗಿನ್ನನ ತಮ್ಮ, ಬ್ಲ್ಯಾಕ್ ಫ್ಲ್ಯಾಗಿನ ನಾಲ್ಕು ಕಪ್ಪು ಪಟ್ಟಿಗಳ ಲಾಂಛನವನ್ನು ರಚಿಸಿದವನು. ಮೂವತ್ತು ವರ್ಷಗಳಲ್ಲಿ ಅವನ ಕಪ್ಪು ಮಸಿಯ ಚಿತ್ರಗಳು ಸಾವಿರಾರು ಮೈಲಿಗಳಾಚೆಯ ಕಲಾ ಸಂಗ್ರಹಾಲಯಗಳ ಗೋಡೆಗೇರಿದ್ದವು. ಹಳೆಯ ಗೆಳೆಯನ ತಟ್ಟೆಗೆ ಕುಂಚ ಹಿಡಿಯುವುದನ್ನು ಅವನು ಬಿಟ್ಟಿರಲಿಲ್ಲ.

ಆಲ್ಬಮ್ಮು ಹೊರಬಂದಾಗ ಮಾರಿಸನಿಗೆ 56. ಸೊಂಟದತ್ತ ಇಳಿಬಿದ್ದ ಜಟೆ, ಮಧುಮೇಹದ ದೇಹ, ದಶಕಗಳ ಹಿಂದೆಯೇ ಬಿಟ್ಟ ಮದ್ಯ. ಕಂಠ ಹಾಡಿನದೆನ್ನುವುದಕ್ಕಿಂತ ಜಗಳದ್ದು: ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಿಂತು ಕೆಳಗಿನವರಿಗೆಲ್ಲ ಕೇಳಿಸುವಂತೆ ಬೈಯುವವನದು, ಪದದ ಕೊನೆಯ ಅಕ್ಷರವನ್ನು ಕಚ್ಚಿ ಹರಿದು, ಗಿಟಾರು ಮುಂದಿನ ಏಟಿಗೆ ಕೈಯೆತ್ತುವಷ್ಟರಲ್ಲಿ ಉಸಿರೆಳೆದು ಮತ್ತೆ ಎರಗುತ್ತಾನೆ. ಲಾಸ್ ಏಂಜಲೀಸಿನಿಂದ ಬಂದರಿನ ಕಡೆಗೆ ಇಳಿಯುವ ಹೆದ್ದಾರಿಯ ಹೆಸರು ಹೊತ್ತ ‘ಹಾರ್ಬರ್ ಫ್ರೀವೇ ಬ್ಲೂಸ್’ ನನಗೆ ಪ್ರಿಯವಾದದ್ದು. ಎಲ್ಲ ಹಾಡುಗಳೂ ಒಂದೇ ಬಗೆಯವೆಂದು ಆಕ್ಷೇಪಿಸುವವರಿದ್ದಾರೆ. ಅದು ಸುಳ್ಳಲ್ಲ, ಆದರೆ ಆಕ್ಷೇಪವನ್ನು ವಿಸ್ತರಿಸಲು ಹಾಡುಗಳು ಅವಕಾಶವನ್ನೇ ಕೊಡುವುದಿಲ್ಲ.

2014ರಲ್ಲಿ ಇದೇ ನಾಲ್ವರಿಂದ ‘ವೇಸ್ಟೆಡ್ ಇಯರ್ಸ್’ ಬಂದಿತು. 2022ರ ‘ಫ್ರೀ ಎಲ್‌ಎಸ್‌ಡಿ’ಯ ಹೊತ್ತಿಗೆ ಬಾಸ್ ಗಿಟಾರಿಗೂ ಡ್ರಮ್ಮಿಗೂ ಬೇರೆಯವರು ಬಂದಿದ್ದರು. ಆ ಮೊದಲ ನಾಲ್ವರು ಸ್ಟುಡಿಯೋದಲ್ಲಿ ಕೂಡಿ ಉಳಿಸಿಹೋದ ಮೂರು ಸಂಗ್ರಹಗಳನ್ನೂ ಒಂದರ ಬೆನ್ನಿಗೊಂದು ಹಚ್ಚಿದರೆ ಸುಮಾರು ಒಂದು ಗಂಟೆಯ ಕೇಳ್ವಿಕೆ. ಮೊನ್ನೆ ಭಾನುವಾರ ಅದನ್ನೂ ಮಾಡಿ ನೋಡಿದೆ. ಲೋಟದ ತಳದಲ್ಲಿ ಉಳಿದಿದ್ದ ಕಾಫಿ ತಣ್ಣಗಾಗಿ ಕೆನೆಗಟ್ಟಿತ್ತು.