ಕರಿಯ ಕಲ್ಲಿಗೆ ಪಟ್ಟ

ಇದ್ದಲನ್ನು ಎಷ್ಟು ತೊಳೆದರೂ ಬೆಳ್ಳಗಾಗದೆಂದು ನಾವು ಹಳಿಯುವುದುಂಟಷ್ಟೆ. ಅದರ ಬಂಧುವಾದ ಕಲ್ಲಿದ್ದಲಿಗೆ ಅಮೆರಿಕದಲ್ಲಿ ಪಟ್ಟವೇ ದೊರೆತಿದೆ. ಪಶ್ಚಿಮ ವರ್ಜೀನಿಯಾ ಸಂಸ್ಥಾನದ ಶಾಸನಸಭೆಯು 2009ರಲ್ಲಿ, ತನ್ನ ನೆಲದ ಬಿಟುಮಿನಸ್ ಜಾತಿಯ ಕಲ್ಲಿದ್ದಲನ್ನು ಸಂಸ್ಥಾನದ ಅಧಿಕೃತ ಶಿಲೆಯೆಂದು ನಿರ್ಣಯಿಸಿತು. ಇದನ್ನು ಮೊದಲು ಸೂಚಿಸಿದವಳು ಒಬ್ಬ ವಿದ್ಯಾರ್ಥಿನಿ. ಪಾಠ ಹೇಳುತ್ತಲೇ ತಲೆ ನರೆತ ನಮಗೆ ಇದು ಬಹಳ ಹಿತವೆನಿಸಿತು.

ಸಂಸ್ಕೃತದಲ್ಲಿ ಅಂಗಾರವೆಂದರೆ ಇದ್ದಲೂ ಹೌದು, ಉರಿಯುವ ಕೆಂಡವೂ ಹೌದು. ಆ ನಾಡಿನವರು ಎರಡನ್ನೂ ಬಲ್ಲರು. ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿದುದು ಗಣಿಯ ಕೂಲಿಯಿಂದ. 1907ರಲ್ಲಿ ಮನಾಂಗದ ಗಣಿ ಸಿಡಿದು 360ಕ್ಕೂ ಮಿಕ್ಕ ಜನರು ಮಡಿದರು. ಆದುದರಿಂದ ಈ ಗೌರವವು ಕಲ್ಲಿಗಿಂತ ಅದನ್ನು ಅಗೆದವರಿಗೇ ಸಲ್ಲತಕ್ಕದ್ದೆಂದು ನಮ್ಮ ಮತ. ಪಟ್ಟವಾದ ಮರುವರ್ಷವೇ, 2010ರ ಏಪ್ರಿಲ್ 5ರಂದು, ಅಲ್ಲಿಯ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಮಂದಿ ಅಸುನೀಗಿದರು. ಗಾಳಿಯಾಡಿಸುವ, ಇದ್ದಲ ಧೂಳನ್ನು ಅಡಗಿಸುವ ಕಟ್ಟಳೆಗಳು ಪಾಲನೆಯಾಗಿರಲಿಲ್ಲವೆಂದು ವಿಚಾರಣೆಯಲ್ಲಿ ಹೊರಬಿದ್ದಿತು.