ಹಳೆಯ ಚಿತ್ರದಿಂದ ರೈಲುಗಾಡಿಯ ಮೂಲ ತಿಳಿಯುವುದು ಹೇಗೆ?

ಹಿನ್ನೆಲೆಯಲ್ಲಿ ತೆಂಗಿನ ಸಾಲು. ಮುಂದೆ ಗುದ್ದಲಿ, ಸನಿಕೆ ಹಿಡಿದ ಗ್ಯಾಂಗ್‌ಮನ್‌ಗಳು. ಅವರ ಹಿಂದೆ, ನಿಲ್ದಾಣದ ಬದಿಯ ಹಳಿಯ ಮೇಲೆ, ಮಾಸಿದ ಮರದ ಗಾಡಿಯೊಂದು. ಇಂಥ ಕಪ್ಪು–ಬಿಳುಪು ಚಿತ್ರ ತಿಪಟೂರಿನ ಯಾವುದೋ ಕೊಬ್ಬರಿ ಮಂಡಿಯ ಗೋಡೆಯ ಮೇಲೆ ನಿಮಗೆ ಸಿಕ್ಕಿತೆನ್ನಿ. ಅಡಿಯಲ್ಲಿ ‘ಬ್ರಿಟಿಷರ ಕಾಲದ ಗಾಡಿ’ ಎಂದು ಬರೆದಿರುತ್ತದೆ. ಅದು ನಿಜವೇ? ಗಾಡಿ ಎಂದೋ ಗುಜರಿ ಸೇರಿದೆ. ಉಳಿದಿರುವ ಸಾಕ್ಷ್ಯ ಈ ಚಿತ್ರ ಮಾತ್ರ. ಆದ್ದರಿಂದ ಚಿತ್ರವನ್ನೇ ಪ್ರಶ್ನಿಸಬೇಕು.

ಬೆಂಗಳೂರಿನಿಂದ ಗುಬ್ಬಿ, ಅಮ್ಮಸಂದ್ರ, ಬಾಣಸಂದ್ರ, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರಕ್ಕೆ ಹೋಗುವ ದಾರಿ 1880ರ ದಶಕದ್ದು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಪಟ್ಟಣಗಳನ್ನು ಅದು ಮುಟ್ಟುವುದಿಲ್ಲ. ಆದರೆ ಬಾಣಸಂದ್ರ, ಅಮ್ಮಸಂದ್ರಗಳು ತುರುವೇಕೆರೆ ತಾಲ್ಲೂಕಿನ ನಿಲ್ದಾಣಗಳು. ಮೊದಲು ಇದು ಮೀಟರ್ ಗೇಜ್, ಅಂದರೆ ಹಳಿಗಳ ಒಳ ಅಂಚುಗಳ ನಡುವೆ 1000 ಮಿ.ಮೀ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಈಗ ಅಂತರ 1676 ಮಿ.ಮೀ. ಚಿತ್ರದಲ್ಲಿರುವುದು ಯಾವ ಗೇಜು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಅಳತೆಗೆ ತೆಂಗಿನ ಮರವನ್ನು ಮಾನದಂಡವಾಗಿ ಬಳಸುವ ಆಸೆ ವಿದ್ಯಾರ್ಥಿಗಳಿಗೆ ಆಗಬಹುದು. ಬೇಡ. ಒಂದೇ ತೋಟದಲ್ಲಿ ಹತ್ತು ಮೀಟರಿನ ಮರವೂ ಇರುತ್ತದೆ, ಇಪ್ಪತ್ತು ಮೀಟರಿನದೂ ಇರುತ್ತದೆ. ಮನುಷ್ಯನ ಎತ್ತರ ಇದಕ್ಕಿಂತ ವಾಸಿ. ಎಲ್ಲಕ್ಕಿಂತ ನಂಬಲರ್ಹವಾದದ್ದು ಹಳಿಗಳ ನಡುವಿನ ಅಂತರ. ಅದು ಹೆಚ್ಚು ಬದಲಾದರೆ ಗಾಡಿ ಹಳಿ ತಪ್ಪುತ್ತದೆ!

ಗಾಡಿಯ ತುದಿಗೋಡೆ ನೇರವಾಗಿ ಕಾಣುವ ಚಿತ್ರವನ್ನು ಆರಿಸಿಕೊಳ್ಳಿ. ಹಳಿಗಳ ನಡುವೆ 22 ಮಿ.ಮೀ., ಗಾಡಿಯ ಅಗಲ 59 ಮಿ.ಮೀ. ಬಂದಿತೆನ್ನೋಣ. ಅನುಪಾತ 2.68. ಬ್ರಾಡ್ ಗೇಜ್ ಬೋಗಿಯ ಅಗಲ ಸುಮಾರು 3.25 ಮೀ.; ಅದನ್ನು 1.676ರಿಂದ ಭಾಗಿಸಿದರೆ 1.94. ಮೀಟರ್ ಗೇಜ್ ಬೋಗಿಯ ಅಗಲ ಸುಮಾರು 2.7 ಮೀ.; ಅನುಪಾತವೂ 2.7. ಸಾಮಾನ್ಯ ಅಳತೆಪಟ್ಟಿಯಿಂದ ಪ್ರತಿ ಅಳತೆಯಲ್ಲೂ ಅರ್ಧ ಮಿ.ಮೀ. ತಪ್ಪಿದರೂ ಅನುಪಾತದಲ್ಲಿ ದೋಷ ಶೇಕಡಾ 3ರಷ್ಟು ಮಾತ್ರ. ಹಾಗಾಗಿ ಇದು ಮೀಟರ್ ಗೇಜ್ ಎನ್ನಲು ಅಡ್ಡಿಯಿಲ್ಲ.

ಇಲ್ಲೊಂದು ಎಚ್ಚರಿಕೆ. ಬಿಂಬದ ಗಾತ್ರ ವಸ್ತುವಿನ ದೂರಕ್ಕೆ ವಿಲೋಮವಾಗಿರುತ್ತದೆ. ಕ್ಯಾಮೆರಾದಿಂದ ತುದಿಗೋಡೆ 10 ಮೀ. ದೂರದಲ್ಲಿದ್ದು, ಚಕ್ರಗಳು ಅದಕ್ಕಿಂತ 2 ಮೀ. ಹಿಂದಿದ್ದರೆ, ಚಕ್ರಗಳ ಬಳಿ ಅಳೆದ ಅಂತರ 22ರ ಬದಲು 18.3 ಮಿ.ಮೀ. ಬರುತ್ತದೆ. ಅನುಪಾತ 3.2ಕ್ಕೆ ಏರುತ್ತದೆ. ನ್ಯಾರೋ ಗೇಜ್‌ನಲ್ಲಿ ಈ ಅನುಪಾತ 3ರ ಆಸುಪಾಸು ಇರುವುದರಿಂದ, ತಿಪಟೂರಿನ ಗಾಡಿಯನ್ನು ಹಿಂದಿನ ಯಲಹಂಕ–ಬಂಗಾರಪೇಟೆ ದಾರಿಗೆ ಸಾಗಿಸಿಬಿಡುತ್ತೀರಿ. ತುದಿಗೋಡೆಯ ನೇರ ಕೆಳಗೇ ಹಳಿಗಳನ್ನು ಅಳೆಯಬೇಕು. ಫಲಿತಾಂಶವನ್ನು ಬಫರ್ ನೋಡಿ ತಾಳೆ ಹಾಕಿ: ಹಳೆಯ ಬ್ರಾಡ್ ಗೇಜ್ ಗಾಡಿಗೆ ಎಡಬಲಗಳಲ್ಲಿ ಎರಡು ಬಫರ್‌ಗಳು, ಮೀಟರ್ ಗೇಜ್‌ಗೆ ನಡುವೆ ಒಂದೇ.

ಇನ್ನು ಗಾಡಿಯ ಹುಟ್ಟು. ಹಳಿ ದುರಸ್ತಿಯ ಗಾಡಿಗಳಲ್ಲಿ ಬಹುಪಾಲು ಆ ಕೆಲಸಕ್ಕೆಂದೇ ಹುಟ್ಟಿದವಲ್ಲ. ಪ್ರಯಾಣಿಕರ ಸೇವೆಯಿಂದ ನಿವೃತ್ತವಾದ ಬೋಗಿಗಳೇ ಗ್ಯಾಂಗಿನವರು ತಂಗುವ ಕ್ಯಾಂಪ್ ಕೋಚ್‌ಗಳಾಗುತ್ತಿದ್ದವು, ಉಪಕರಣದ ವ್ಯಾನುಗಳಾಗುತ್ತಿದ್ದವು. ಮಸೂರ ಹಿಡಿದು ಪಕ್ಕದ ಗೋಡೆ ನೋಡಿ. ಸಮ ಅಂತರದ ಕಿಟಕಿಗಳ ನಡುವೆ ಹಲಗೆ ಬಡಿದು ಮುಚ್ಚಿದ ಜಾಗ, ಹಿಡಿಯಿಲ್ಲದ ಬಾಗಿಲು, ಮೆಟ್ಟಿಲು ಕಿತ್ತ ಗುರುತು ಕಾಣಬಹುದು. ಪ್ರತಿ ಅಂಕಣಕ್ಕೂ ಒಂದೊಂದು ಬಾಗಿಲಿನ ಗುರುತಿದ್ದರೆ ಅದು ಮೊದಲು ಒಳ ಓಣಿಯಿಲ್ಲದ ಪ್ರಯಾಣಿಕರ ಬೋಗಿಯಾಗಿತ್ತು ಎಂದು ಊಹಿಸಬಹುದು.

ಬಳಿಕ ಕೆಳಗೆ ನೋಡಿ. ಎರಡು ತುದಿಗಳಲ್ಲಿ ಆಧಾರವಿರುವ ತೊಲೆ ನಡುವೆ ಬಾಗುತ್ತದೆ. ಅದರ ಕೆಳಭಾಗ ಎಳೆತಕ್ಕೆ ಒಳಗಾಗುತ್ತದೆ. ಈ ಎಳೆತವನ್ನು ಹೊರಲು ಹಳೆಯ ಬೋಗಿಗಳ ಅಡಿಯಲ್ಲಿ ಉಕ್ಕಿನ ಸರಳುಗಳನ್ನು ಬಿಗಿಯುತ್ತಿದ್ದರು. ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಉಕ್ಕಿನ ಬೋಗಿಗಳಲ್ಲಿ ಇಡೀ ಕವಚವೇ ಭಾರ ಹೊರುವುದರಿಂದ ಸರಳು ಬೇಕಿಲ್ಲ. ಮರದ ಗೋಡೆಯ ಜೊತೆಗೆ ಸರಳುಗಳೂ ಇದ್ದರೆ ವಿನ್ಯಾಸ ಹಳೆಯದು. ಸರಳು ಇಲ್ಲದಿದ್ದ ಮಾತ್ರಕ್ಕೆ ಹೊಸದೆನ್ನಲಾಗದು. ದಪ್ಪ ತೊಲೆಗಳ ಹಳೆಯ ಚೌಕಟ್ಟುಗಳೂ ಇದ್ದವು.

ಬರಹವನ್ನು ಕೊನೆಗೆ ಓದಿ. ಈ ದಾರಿಯನ್ನು ಮೊದಲು ಸದರ್ನ್ ಮರಾಠಾ ರೈಲ್ವೆ ನಡೆಸುತ್ತಿತ್ತು. 1908ರಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1938ರಲ್ಲಿ ದಾರಿ ಮೈಸೂರು ಸಂಸ್ಥಾನದ ರೈಲ್ವೆಗೆ ಬಂತು. 1951ರಿಂದ ದಕ್ಷಿಣ ರೈಲ್ವೆ, 2003ರಿಂದ ನೈಋತ್ಯ ರೈಲ್ವೆ. ಗೋಡೆಯ ಮೇಲಿನ ಅಕ್ಷರ ಚಿತ್ರ ತೆಗೆದಾಗಿನ ಒಡೆಯನನ್ನಷ್ಟೇ ಹೇಳುತ್ತದೆ. ದಕ್ಷಿಣ ರೈಲ್ವೆಯ ಹೆಸರಿದ್ದರೆ ಚಿತ್ರ 1951ರ ನಂತರದ್ದು. ಗಾಡಿ ಅದಕ್ಕಿಂತ ಎಷ್ಟೋ ಹಿಂದಿನದಿರಬಹುದು. ಅಚ್ಚಿನ ಪೆಟ್ಟಿಗೆಯ ಮುಚ್ಚಳದಲ್ಲಿ ಎರಕ ಹೊಯ್ದ ಅಕ್ಷರಗಳು ಬಣ್ಣಕ್ಕಿಂತ ಹಳೆಯವು. ಆದರೆ ಕಾರ್ಯಾಗಾರದಲ್ಲಿ ಒಂದರ ಚಕ್ರ, ಅಚ್ಚು ಇನ್ನೊಂದಕ್ಕೆ ಹೋಗುವುದು ದಿನನಿತ್ಯದ ಸಂಗತಿ. ಎಲ್ಲ ಮುಚ್ಚಳಗಳಲ್ಲೂ ಒಂದೇ ಹೆಸರಿದ್ದರೆ ಸ್ವಲ್ಪ ಧೈರ್ಯದಿಂದ ಹೇಳಬಹುದು. ನನ್ನ ಮಟ್ಟಿಗೆ ಅತಿ ವಿಶ್ವಾಸಾರ್ಹ ಸಾಕ್ಷಿ ತಳದ ಚೌಕಟ್ಟು. ಅದನ್ನು ಬದಲಿಸುವುದೆಂದರೆ ಹೊಸ ಗಾಡಿ ಕಟ್ಟಿದಂತೆಯೇ.

ಇದಕ್ಕೆ ಅಪವಾದ ನೋಡಬೇಕಿದ್ದರೆ ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಆಸ್ಟಿನ್ ರೈಲು ಮೋಟಾರು ಗಾಡಿಯೊಂದಿದೆ. ಅದರ ಚಕ್ರಗಳನ್ನು ಮಾತ್ರ ನೋಡಿದವರು ರೈಲುಗಾಡಿ ಎಂದೇ ಬರೆದುಕೊಳ್ಳುತ್ತಾರೆ. ಅದರ ಮೂಲವನ್ನು ಹೇಳುವುದು ಮುಂದಿನ ಮೋಟಾರು ಕಾರಿನ ಮೂತಿ.